ಗ್ರೀಕ್ ಜ್ಞಾನಿಯ ಹೆಸರು

"ಹೆಸರಿಲ್ದೆ ಕಲ್ಲು ಏರ್ಸೋಕೆ ಈರಪ್ಪೋರು ಒಪ್ತಿಲ್ಲ ಕಣಮ್ಮ," ಎನ್ನುತ್ತ ಬೆನಕಪ್ಪ, ತೀರಿಹೋದ ಮೇಷ್ಟ್ರ ಟ್ರಂಕಿನಿಂದ ತೆಗೆದ ನೋಟ್ ಪುಸ್ತಕವನ್ನು ಜಗಲಿಯ ಬೆಳಕಿಗೆ ಹಿಡಿದ. "ಅಂದೋರು ಯಾರು ಅಂತ ತಿಳೀದ ಮಾತು, ಸುಳಿ ನೋಡ್ದೆ ತಂದ ಎತ್ತು ಅಂತಾರೆ."

ತೀರ್ಥಮ್ಮ ಹುಣಿಸೆಹಣ್ಣಿನ ಬೀಜ ಬಿಡಿಸುತ್ತಿದ್ದಳು. "ಅವ್ರಿಗೆ ಎತ್ತು ಬಿಟ್ರೆ ಹತ್ತಿ. ಇನ್ನೇನು ಗೊತ್ತೈತೆ," ಅಂದಳು.

ಅವಳ ಗಂಡ ಮಲ್ಲಿಕಾರ್ಜುನಪ್ಪ ಮೇಷ್ಟ್ರು ತೀರಿಕೊಂಡು ಒಂದೂವರೆ ವರ್ಷವಾಗಿತ್ತು. ಅವರು ಕಟ್ಟಿಸಲು ಓಡಾಡಿದ ಅಜ್ಜಂಪುರದ ವಾಚನಾಲಯ ಈಗ ಮುಗಿದಿತ್ತು. ಸೋಮವಾರ ತರೀಕೆರೆಯಿಂದ ಅಮಲ್ದಾರರು ಬಂದು ಬಾಗಿಲು ತೆಗೆಯುವವರಿದ್ದರು. ಬಾಗಿಲ ಮೇಲಿನ ಕಲ್ಲಿಗೆ, ಮೇಷ್ಟ್ರು ಮಕ್ಕಳಿಗೆಲ್ಲ ಬಾಯಿಪಾಠ ಮಾಡಿಸುತ್ತಿದ್ದ ಒಂದು ಮಹಾವಾಕ್ಯವನ್ನು ಕೆತ್ತಿಸಿಯೂ ಆಗಿತ್ತು. ಅದರ ಕೆಳಗೆ ಹೇಳಿದವರ ಹೆಸರಿಗೆ ಜಾಗ ಬಿಟ್ಟಿದ್ದರು. ಹೆಸರು ಸಿಗದಿದ್ದರೆ ಕಲ್ಲನ್ನು ಮಗುಚಿ, ಹಿಂಬದಿಯಲ್ಲಿ ತಮ್ಮ ತಂದೆಯ ಹೆಸರು ಕೆತ್ತಿಸುವುದಾಗಿ ವಾಚನಾಲಯದ ಅಧ್ಯಕ್ಷ ಈರಪ್ಪ ಹೇಳಿದ್ದರು. ಮೇಷ್ಟ್ರ ಹಳೆಯ ಶಿಷ್ಯನೂ ವಾಚನಾಲಯದ ಕಾರ್ಯದರ್ಶಿಯೂ ಆದ ಬೆನಕಪ್ಪನಿಗೆ ಅದು ಸಹಿಸುವ ಮಾತಾಗಿರಲಿಲ್ಲ.

"ಸಿಕ್ತು. ಆದ್ರೆ 'ಒಬ್ಬ ಗ್ರೀಕ್ ಜ್ಞಾನಿ' ಅಂತ ಅಷ್ಟೇ ಬರ್ದವ್ರೆ."

"ಮಾತೇನು? ಓದು."

"ಬಾವಿಯಲ್ಲಿ ನೀರಿದೆಯೆಂದು ಎಲ್ಲರೂ ಬಲ್ಲರು, ಸೇದುವವರು ಬೇಕು."

ತೀರ್ಥಮ್ಮನ ಕೈ ನಿಂತಿತು. ಅವಳು ಓದು ಕಲಿತವಳಲ್ಲ. ಶಾಲೆಯಲ್ಲಿ ಏನು ಹೇಳಿಕೊಡುತ್ತಿದ್ದರೋ ಅವಳಿಗೆ ತಿಳಿಯದು. ಆದರೆ ಈ ಮಾತು ಹುಟ್ಟಿದ ಮಧ್ಯಾಹ್ನ ಅವಳಿಗೆ ಚೆನ್ನಾಗಿ ನೆನಪಿತ್ತು. ಆಗ ಅವಳು ಎಂಟು ತಿಂಗಳ ಬಸುರಿ. ಕಡೂರಿನಿಂದ ನೆಂಟರು ಬಂದಿದ್ದರು. ಮೇಷ್ಟ್ರು ಜಗಲಿಯಲ್ಲಿ ಕೂತು ತಮ್ಮ ಹಿತ್ತಲ ಬಾವಿಯ ಸಿಹಿನೀರನ್ನು ಹೊಗಳುತ್ತಿದ್ದರು. ಏಳನೆಯ ಕೊಡ ಹೊತ್ತು ಬಂದವಳು, "ಬಾವೀಲಿ ನೀರೈತೆ ಅಂತ ಊರಿಗೇ ಗೊತ್ತು. ಸೇದೋರು ಬೇಕಲ್ಲ," ಅಂದಿದ್ದಳು. ನೆಂಟರು ನಕ್ಕರು. ಮೇಷ್ಟ್ರು ನಗಲಿಲ್ಲ. ಮೂರು ದಿನ ಅವಳೊಂದಿಗೆ ಮಾತಾಡಲಿಲ್ಲ.

"ಇನ್ನೊಂದು ಓದು," ಅಂದಳು.

"ಸಿಟ್ಟಿನಲ್ಲಿ ಚೆಂಬು ಎಸೆದವನು ಬಾಯಾರಿದಾಗ ತಾನೇ ಹುಡುಕುತ್ತಾನೆ. ಇದು ರೋಮ್ ದೇಶದ ತತ್ತ್ವಜ್ಞರದ್ದು."

ಆ ಚೆಂಬಿನ ನೆಗ್ಗು ಇನ್ನೂ ಹಾಗೇ ಇತ್ತು. ಎಸೆದವರು ಮೇಷ್ಟ್ರು, ಅಂದವಳು ಅವಳು. ಇಪ್ಪತ್ತೆರಡು ವರ್ಷ ಗೋಡೆಗೆ ಹೇಳಿದಂತೆ ಹೇಳಿದ್ದೆನೆಂದು ಅವಳು ತಿಳಿದಿದ್ದಳು. ಆ ಗೋಡೆ ಎಲ್ಲವನ್ನೂ ಕೇಳಿಸಿಕೊಂಡು, ಬರೆದಿಟ್ಟುಕೊಂಡು, ಯಾವ ಯಾವುದೋ ದೇಶದವರಿಗೆ ಕೊಟ್ಟುಬಿಟ್ಟಿತ್ತು. ಸಿಟ್ಟು ಬಂತು. ಅದರ ಬೆನ್ನಿಗೇ, ಸತ್ತವರು ಎದುರಿಗಿದ್ದಿದ್ದರೆ ಒಂದು ಮಾತು ಕೇಳಬಹುದಿತ್ತು ಅನ್ನಿಸಿತು.

"ಆ ಗ್ರೀಕ್ ಜ್ಞಾನಿ ಹೆಸ್ರೇನಾದ್ರೂ ನಿಮ್ಮತ್ರ ಹೇಳಿದ್ರಾ ಅಮ್ಮ? ಯೋಚ್ನೆ ಮಾಡಿ."

ತನ್ನ ಹೆಸರು ನಾಲಿಗೆಯ ತುದಿಗೆ ಬಂತು. ಅದನ್ನು ಹಾಗೆ ಹೇಳಿ ಅವಳಿಗೆ ಅಭ್ಯಾಸವಿರಲಿಲ್ಲ. ಸೆರಗು ಎಳೆದುಕೊಂಡು ತಲೆ ತಗ್ಗಿಸಿದಳು.

ಬೆನಕಪ್ಪ ಅವಳನ್ನೇ ನೋಡಿದ. ಅವನ ಮುಖ ಅರಳಿತು. "ತಿಳೀತು ಬಿಡಿ. ಗಂಡನ ಹೆಸ್ರು ಬಾಯಲ್ಲಿ ಹೇಳ್ಬಾರ್ದು ಅಂತ ಸುಮ್ಕಿದ್ದೀರಿ. ಮೇಷ್ಟ್ರದೇ ಮಾತು. ದೊಡ್ಡಸ್ತಿಕೆ ಬ್ಯಾಡ ಅಂತ ಬೇರೆಯೋರ ಮೇಲೆ ಹಾಕವ್ರೆ."

"ಅವ್ರದಲ್ಲ ಕಣಪ್ಪ. ಅವ್ರು ಒಂದಿನಾನೂ ನೀರು ಸೇದಿದೋರಲ್ಲ."

"ನೀವೂ ಅವ್ರಂಗೇ. ಹೊಗಳಿಕೆ ಅಂದ್ರೆ ಆಗಲ್ಲ." ನಗುತ್ತ ಚೀಟಿಯ ಮೇಲೆ ಮೇಷ್ಟ್ರ ಹೆಸರು ಬರೆದು, ಕಲ್ಲುಕುಟಿಗನಿಗೆ ಕೊಡಲು ಜೇಬಿಗೆ ಹಾಕಿಕೊಂಡ.

ಇನ್ನೊಂದು ಮಾತು ಆಡಿದ್ದರೆ ಸಾಕಿತ್ತು. ಆಡಿದರೆ ಊರಿನ ಅರ್ಧ ಜನಕ್ಕೆ ಅಕ್ಷರ ಕಲಿಸಿದವರು ಸುಳ್ಳುಗಾರರಾಗುತ್ತಿದ್ದರು, ಕಲ್ಲು ಈರಪ್ಪನ ಅಪ್ಪನ ಪಾಲಾಗುತ್ತಿತ್ತು. ಅವಳು ಆಡಲಿಲ್ಲ.

ಬೆನಕಪ್ಪ ಏಳುವುದರಲ್ಲಿದ್ದ.

"ಕೂತ್ಕೋ," ಅಂದಳು. "ಇನ್ನೂ ಎಷ್ಟವೆ?"

"ಪುಸ್ತಕದ ತುಂಬ ಅವೆ."

"ಓದು."

ಅವನು ಓದಿದ. ಇಂಗ್ಲೆಂಡಿನ ಪಂಡಿತರು ಬಂದರು, ಜರ್ಮನಿಯ ಚಿಂತಕರು ಬಂದರು. ತೀರ್ಥಮ್ಮ ಒಮ್ಮೆ ನಕ್ಕಳು, ಒಮ್ಮೆ ಹಿತ್ತಲ ಕಡೆ ತಿರುಗಿ ಕೂತಳು.

"ಸೊಸೆಯ ಕೈಯ ರೊಟ್ಟಿ ಹಸಿವಿಗೆ ದುಂಡಗೇ ಕಾಣುತ್ತದೆ. ಫ್ರಾನ್ಸ್ ದೇಶದ ಮಹನೀಯರೊಬ್ಬರು."

"ಅದು ನಂದಲ್ಲ," ಅಂದಳು ತೀರ್ಥಮ್ಮ. "ಅದು ನಮ್ಮತ್ತೇದು."

ಬೆನಕಪ್ಪನ ಬೆರಳು ಸಾಲಿನ ಮೇಲೇ ನಿಂತಿತು. ಅವನು ಪುಟ ನೋಡಿದ, ಅವಳನ್ನು ನೋಡಿದ, ಹಿಂದಿನ ಪುಟಗಳನ್ನು ಒಂದೊಂದೇ ತಿರುವಿದ. ಕೊನೆಗೆ ಜೇಬಿನಿಂದ ಚೀಟಿ ತೆಗೆದ.

"ಅಮ್ಮ, ಇದು..."

"ಅದು ಹಂಗೇ ಇರ್ಲಿ. ಆಮೇಲೆ ಹೋಗಿ ಕೊಡು. ಮೊದ್ಲು ಇದು ಮುಗ್ಸು."

ಅವನು ಮುಂದಿನ ಮಾತನ್ನು ಓದಿದ. ಅದರ ಅಡಿಯಲ್ಲಿ ಯಾವ ದೇಶದ ಯಾರೆಂದು ಬರೆದಿತ್ತೋ, ಅದನ್ನು ಓದಲಿಲ್ಲ. ತೀರ್ಥಮ್ಮ ಕಂಬಕ್ಕೆ ಒರಗಿ, ತವರಿನ ಜಗಲಿಯಲ್ಲಿ ಕೂರುವ ಹಾಗೆ ಕಾಲು ಚಾಚಿಕೊಂಡಳು.