ಹಗ್ಗದಂಗಡಿಗೆ ಮೀಟರು ಬಂತು

ಹಗ್ಗದಂಗಡಿಯ ಸೊಸೆಗೆ ಬೆಳಗಾಗುತ್ತಿದ್ದುದೇ ಒಂದು ಮಾತಿನಿಂದ. "ನೀನು ಬೇಡ ತಾಯಿ, ನಿಮ್ಮ ಮಾವನ್ನ ಕರಿ."

ಆ ಅಂಗಡಿಯಲ್ಲಿ ಹಗ್ಗವನ್ನು ಮಾರಿನ ಲೆಕ್ಕದಲ್ಲಿ ಕೊಡುತ್ತಿದ್ದರು. ಎರಡೂ ತೋಳು ಅಗಲಿಸಿ ಹಗ್ಗ ಹಿಡಿದರೆ, ಈ ಕೈಯ ಬೆರಳಿನಿಂದ ಆ ಕೈಯ ಬೆರಳಿಗೆ ಒಂದು ಮಾರು. ಮಾವ ಬಾಗಿಲಿಗೆ ತಲೆ ತಾಗುವ ಆಳು. ಸೊಸೆ ಅವರ ಎದೆಮಟ್ಟ. ಅವರ ಮಾರಿಗೂ ಇವಳ ಮಾರಿಗೂ ಹತ್ತಿರ ಹತ್ತಿರ ಒಂದು ಮೊಳದ ವ್ಯತ್ಯಾಸ. ಗಿರಾಕಿಗಳೇನು ಕಣ್ಣು ಮುಚ್ಚಿಕೊಂಡು ಬರುತ್ತಾರೆಯೇ? ಯಾವ ಹಗ್ಗ ನೀರಿಗೆ ತಡೆಯುತ್ತದೆ, ಯಾವುದು ಬಿಸಿಲಿಗೆ ಬಿರಿಯುತ್ತದೆ ಎಂದು ಅವಳನ್ನೇ ಕೇಳುವರು. ಕೇಳಿ ಮುಗಿದ ಮೇಲೆ, "ಸರಿ, ಇನ್ನು ಮಾವನ್ನ ಕರಿ."

ಹೀಗಿರುವಾಗ ಒಂದು ದಿನ ಮಾವ ಅಟ್ಟದಿಂದ ಜಾರಿ ಬಿದ್ದರು. ಮೂಳೆ ಕೂಡಿತು, ಆದರೆ ಭುಜ ಬಿಗಿದುಕೊಂಡಿತು. ಮಗನೋ, ಹಿತ್ತಲಲ್ಲಿ ಹುರಿ ಹೊಸೆಯುವುದು ಬಿಟ್ಟು ಬರುವ ಹಾಗಿಲ್ಲ. ಮಾವ ಅಳೆದೂ ಸುರಿದೂ ಒಂದು ತೀರ್ಮಾನಕ್ಕೆ ಬಂದರು.

"ಅಂಗಡಿನ ನನ್ನ ತಮ್ಮನ ಮಗ ಕೊಕ್ಕರೆಗೆ ಒಪ್ಪಿಸ್ತೀನಿ."

ಕಾಲು ಕೈ ಉದ್ದವಿದ್ದುದರಿಂದ ಅವನಿಗೆ ಆ ಹೆಸರು.

"ಮಾವ, ಅವನಿಗೆ ನಾರಿನ ಹಗ್ಗಕ್ಕೂ ಸೆಣಬಿನ ಹಗ್ಗಕ್ಕೂ ವ್ಯತ್ಯಾಸ ಗೊತ್ತಿಲ್ವಲ್ಲ!"

"ಗೊತ್ತಿಲ್ಲ, ನಿಜ. ಆದ್ರೆ ತೋಳಿದೆಯಲ್ಲ."

ಮದುವೆಯಾಗಿ ಬಂದಾಗಿನಿಂದ ಕಲಿತ ಕಸುಬು ಒಂದು ಮೊಳದ ಕೊರತೆಗೆ ಕೈಬಿಟ್ಟು ಹೋಗುತ್ತಿತ್ತು.

ಭುಜಕ್ಕೆ ಎಣ್ಣೆ ತೀಡಲು ಬರುತ್ತಿದ್ದ ನರ್ಸಕ್ಕ ಇದನ್ನು ಕೇಳಿಸಿಕೊಂಡಳು.

"ಯಜಮಾನ್ರೇ, ದೇಶಕ್ಕೆಲ್ಲ ಮೀಟರು, ಲೀಟರು, ಕಿಲೋ ಬರಬೇಕಾ ಬೇಡ್ವಾ ಅಂತ ಬೀದಿ ಬೀದಿಲೂ ಸಭೆ ಕರೆದು ಕೇಳ್ತಿದ್ದಾರೆ. ಭಾನುವಾರ ನಮ್ಮ ಬೀದಿದು. ಅದು ಬಂದ್ರೆ ನಿಮಗೆ ಕೊಕ್ಕರೆನೂ ಬೇಡ, ಬಕಪಕ್ಷಿನೂ ಬೇಡ."

"ಮೀಟರಂತೆ! ಯಾರ ಕೈಯಂತೆ ಅದು?"

"ಯಾರ ಕೈಯೂ ಅಲ್ಲ. ಅದೇ ಅದರ ದೊಡ್ಡತನ."

"ಹಾಗಾದ್ರೆ ಅಪ್ಪ ಅಮ್ಮ ಇಲ್ಲದ ಅಳತೆ ಅನ್ನು."

ನರ್ಸಕ್ಕ ನಕ್ಕಳು. "ಮಗುಗೆ ಔಷಧಿ 'ಒಂದು ಗುಟುಕು' ಕೊಡಿ ಅಂದ್ರೆ ಒಪ್ತೀರಾ? ಯಾರ ಗುಟುಕು? ನಿಮ್ಮದಾ, ಮಗುದಾ? ಅದಕ್ಕೇ ಅಲ್ವೇ ನಾವು ಮಿಲಿಲೀಟರಲ್ಲಿ ಕೊಡೋದು?"

"ಔಷಧಿ ಬೇರೆ, ಹಗ್ಗ ಬೇರೆ. ಹಗ್ಗ ಹೆಚ್ಚಾಗಿ ಕುಡಿದು ಯಾರೂ ಸತ್ತಿಲ್ಲ ಹೋಗು!"

ಅಷ್ಟರಲ್ಲಿ ದೋಣಿಯವನು ಬಂದ. ಹೊಳೆಗೆ ಅಡ್ಡ ಹಗ್ಗ ಬಿಗಿದು, ಅದನ್ನೇ ಹಿಡಿದೆಳೆಯುತ್ತ ಜನರನ್ನು ದಾಟಿಸುವವನು ಅವನು. ಹಳೆಯ ಹಗ್ಗ ಸವೆದು ಹೋಗಿತ್ತು. "ಹೋದ ಸಲದ ಹಾಗೇ ನಲವತ್ತು ಮಾರು ಕೊಡಿ. ನಿಮ್ಮ ಕೈಯಲ್ಲೇ ಆಗಬೇಕು."

ಸೊಸೆ ಹಗ್ಗಕ್ಕೆ ಕೈ ಹಾಕಿದಳು. "ನೀನು ಮುಟ್ಟಬೇಡ," ಎಂದರು ಮಾವ. ಹಲ್ಲು ಕಚ್ಚಿ, ನೋವು ನುಂಗಿ, ಒಂದೊಂದೇ ಮಾರು ತಾವೇ ಅಳೆದು ಕೊಟ್ಟರು.

ಮರುದಿನ ದೋಣಿಯವನು ಹಗ್ಗವನ್ನು ಎಳೆದು ತಂದು ಅಂಗಡಿಯ ಮುಂದೆ ಎಸೆದ.

"ಆ ದಡ ಮುಟ್ಟಲೇ ಇಲ್ಲ ಯಜಮಾನ್ರೇ! ಎರಡು ದಡದಲ್ಲೂ ಜನ ಕಾಯ್ತಿದ್ದಾರೆ. ನನಗೂ ಟೋಪಿ ಹಾಕಿದ್ರಲ್ಲ!"

"ನನ್ನ ಜನ್ಮದಲ್ಲಿ ಒಂದು ಬೆರಳು ಕಡಿಮೆ ಕೊಟ್ಟವನಲ್ಲ ನಾನು!" ಮಾವ ಎದ್ದು ಹೊರಬಂದರು.

ಬೀದಿಯೇ ನೆರೆಯಿತು. ಸೊಸೆಗೆ ಏನೋ ಹೊಳೆಯಿತು. "ನರ್ಸಕ್ಕ, ನಿನ್ನ ಟೇಪು ಕೊಡು. ಮಾವ, ಒಂದ್ಸಲ ತೋಳು ಬಿಚ್ಚಿ."

ಬಿಚ್ಚಿದರು. ಎಡಗೈ ನೆಟ್ಟಗೆ ಹೋಯಿತು. ಬಲಗೈ ಅರ್ಧಕ್ಕೇ ನಿಂತಿತು.

"ಒಂದು ಮೀಟರು ಅರವತ್ತು," ಓದಿದಳು ಸೊಸೆ. "ಎದೆ ನಡುವಿಂದ ಎಡಗೈ ಒಂದೇ ತೊಂಬತ್ತೈದು ಸೆಂಟಿಮೀಟರು. ಅಂದ್ರೆ ಎರಡೂ ನೆಟ್ಟಗಿದ್ದಾಗ ಒಂದು ತೊಂಬತ್ತು ಇತ್ತು. ಮಾವ ಮೋಸ ಮಾಡಿಲ್ಲ ಅಣ್ಣ. ಅವರ ಮಾರೇ ಅವರಿಗೆ ಮೋಸ ಮಾಡಿದೆ."

ಮಾವ ತಮ್ಮ ಎರಡೂ ಕೈಯನ್ನು ಬೇರೆಯವರ ಕೈ ನೋಡುವಂತೆ ನೋಡಿಕೊಂಡರು. ಆಮೇಲೆ ಮೆಲ್ಲಗೆ, "ಏನು ಮಾಡ್ಬೇಕೋ ನೀನೇ ಮಾಡಮ್ಮ," ಎಂದರು.

ಸೊಸೆ ಸೆರಗು ಸಿಕ್ಕಿಸಿದಳು. ಟೇಪು ಹಿಡಿದು, ಅಂಗಡಿಯ ಹಲಗೆಯ ಮೇಲೆ ಸರಿಯಾಗಿ ಒಂದು ಮೀಟರಿಗೆ ಎರಡು ಮೊಳೆ ಹೊಡೆದಳು. ಹೊಳೆಯ ಅಗಲಕ್ಕೆ ಒಂದು ದಾರ ಹಿಡಿದು ತರಲು ದೋಣಿಯವನನ್ನು ಕಳಿಸಿದಳು. ತಂದ ದಾರವನ್ನು ಮೊಳೆಗಳ ನಡುವೆ ಅಳೆದರೆ ಎಪ್ಪತ್ತೆರಡು ಮೀಟರು. ಗಂಟು ಕಟ್ಟಲು ಎರಡು ಕಡೆಗೂ ಎರಡೆರಡು. ಒಟ್ಟು ಎಪ್ಪತ್ತಾರು. ಅವಳು ಹಗ್ಗ ಅಳೆಯುತ್ತಿದ್ದರೆ ನೆರೆದವರೆಲ್ಲ ಕೂಡಿ ಗಟ್ಟಿಯಾಗಿ ಎಣಿಸಿದರು. ನಂಬಿಕೆ ಸಾಲದೆ ಕೊಕ್ಕರೆ ಮುಂದೆ ಬಂದು ಇನ್ನೊಮ್ಮೆ ಅಳೆದ. ಅವನ ಕೈಗೂ ಎಪ್ಪತ್ತಾರೇ!

"ಇಷ್ಟುದ್ದ ಕೈ ಇಟ್ಕೊಂಡು ಏನು ಪ್ರಯೋಜನ ಆಯ್ತೋ?" ಎಂದು ಯಾರೋ ಕಾಲೆಳೆದರು.

"ಬೆನ್ನು ತುರಿಸ್ಕೊಳ್ಳೋಕೆ ಆಗುತ್ತೆ ಬಿಡಿ," ಎಂದ ಕೊಕ್ಕರೆ. ಅಂಗಡಿಯ ಆಸೆ ಅವನಿಗೇನೂ ಇರಲಿಲ್ಲ.

ಹಗ್ಗ ಹೊಳೆ ದಾಟಿತು. ಆ ದಡದಲ್ಲಿ ಗಂಟು ಬಿಗಿದು ದೋಣಿಯವನು ಕೂಗು ಹಾಕಿದಾಗ ಈ ದಡದ ಚಪ್ಪಾಳೆ ಅಲ್ಲಿಗೂ ಕೇಳಿಸಿತು.

ಭಾನುವಾರದ ಸಭೆಯಲ್ಲಿ ಬಡಗಿ ಎದ್ದು ನಿಂತ. "ಎರಡು ಗೇಣಿಗೆ ಒಂದು ಮೊಳ, ನಾಲ್ಕು ಮೊಳಕ್ಕೆ ಒಂದು ಮಾರು. ತಾತನ ಕಾಲದ್ದು. ಯಾಕೆ ಬಿಡಬೇಕು?"

ಉತ್ತರ ಕೊಡಲು ಎದ್ದವರು ಮಾವ.

"ಬಾಯಲ್ಲಿ ಯಾರು ಬಿಡು ಅಂದ್ರು? 'ಅವನನ್ನ ಕಂಡ್ರೆ ಹತ್ತು ಮಾರು ದೂರ ನಿಲ್ತೀನಿ' ಅಂತ ನಾನು ಸಾಯೋವರೆಗೂ ಅಂತೀನಿ. ಆದ್ರೆ ವ್ಯಾಪಾರದಲ್ಲಿ, ಯಾರ ಗೇಣಪ್ಪ? ನಿಂದಾ, ನಂದಾ? ನನ್ನ ಕೈ ಮುಪ್ಪಾಯ್ತು. ಮೀಟರಿಗೆ ಮುಪ್ಪಿಲ್ಲ. ನೂರು ಸೆಂಟಿಮೀಟರು ಒಂದು ಮೀಟರು, ಸಾವಿರ ಮೀಟರು ಒಂದು ಕಿಲೋಮೀಟರು. ಈ ವಯಸ್ಸಲ್ಲಿ ನಾನು ಕಲಿತೆ. ನಿಮಗೇನು ದಾಡಿ?" ಆಮೇಲೆ ಸೊಸೆಯ ಕಡೆ ತಿರುಗಿ, "ಇನ್ನು ಹಗ್ಗ ಬೇಕಾದವರು ನನ್ನನ್ನ ಕರೀಬೇಡಿ. ಅಂಗಡಿ ಯಜಮಾನಿ ಅಲ್ಲಿ ಕೂತಿದ್ದಾಳೆ," ಎಂದರು.

ಮೀಟರು ಬರಲಿ ಎನ್ನುವವರು ಕೈ ಎತ್ತಿ ಎಂದಾಗ ಬೀದಿಗೆ ಬೀದಿಯೇ ಎತ್ತಿತು. ಬಡಗಿಯದು ಕೊನೆಯದು, ಆದರೂ ಎತ್ತಿದ.

ಕೇಳುತ್ತಿರುವ ಅಕ್ಕತಂಗಿಯರೇ, ಅಣ್ಣತಮ್ಮಂದಿರೇ, ಮೊದಮೊದಲು ಲೆಕ್ಕ ತಪ್ಪುತ್ತದೆ, ನಾಲಿಗೆ ತೊದಲುತ್ತದೆ. ಹೆದರಬೇಡಿ, ಹೊಸ ಚಪ್ಪಲಿಯೂ ನಾಲ್ಕು ದಿನ ಕಚ್ಚುತ್ತದೆ. ಅಂಗಡಿಯಲ್ಲಿ ಮೀಟರು, ಲೀಟರು, ಕಿಲೋ ಎಂದೇ ಕೇಳಿ, ಕಣ್ಣೆದುರೇ ಅಳೆಸಿಕೊಳ್ಳಿ. ಎಲ್ಲರಿಗೂ ಒಂದೇ ಅಳತೆಯಾದರೆ, ಅಳೆಯುವ ಅಧಿಕಾರವೂ ಎಲ್ಲರದಾಗುತ್ತದೆ. ನಿಮ್ಮ ಬೀದಿಯಲ್ಲೂ ಸಭೆ ಸೇರುತ್ತದೆ. ತಪ್ಪದೆ ಹೋಗಿ. ನಿಮ್ಮ ಕೈ ಉದ್ದವಿರಲಿ, ಗಿಡ್ಡವಿರಲಿ, ಎತ್ತಿ!