ನನ್ನ ಹತ್ರನೇ ಇದಾನೆ

"ಬಾಡಿ ಯಾರ ಹತ್ರ ಇದೆ ಅಂತ ಹೇಳಿ, ಅಷ್ಟು ಸಾಕು," ಎಂದಳು ಡೋರೀನ್ ಫೋನಿನಲ್ಲಿ.

ಸುಹೈಲಾ ಹಿಟ್ಟಿನ ಕೈಯಲ್ಲೇ ಫೋನು ಹಿಡಿದಿದ್ದಳು. ಒಲೆಯಲ್ಲಿ ರೊಟ್ಟಿ ಕರಕಲಾಗುತ್ತಿದ್ದರೂ ವಾಸನೆ ಅವಳ ಮೂಗಿಗೆ ಬಡಿದಿರಲಿಲ್ಲ. ಡೋರೀನ್ ಅಮೆರಿಕದ ಟೊಲಿಡೊದ ಪತ್ರಿಕೆಯೊಂದರ ನಿಧನವಾರ್ತೆ ವಿಭಾಗದವಳು. ಶನಿವಾರ ತಪ್ಪದೆ ಸುಹೈಲಾಳ ಈ ಬೇಕರಿಯಿಂದ ಪಾಲಕ್ ಕಡುಬು ಒಯ್ಯುವವಳು.

"ನಮ್ಮಣ್ಣ ಲೆಬನಾನಿನಲ್ಲಿ, ಅವನ ಔಷಧಿ ಅಂಗಡೀಲಿ ಇದಾನೆ ಕಣೆ. ಕಟ್ಟಡ ಪೂರ್ತಿ ಅವನ ಮೇಲಿದೆ. ಯಾರ ಹತ್ರ ಅಂತ ಬರ್ಕೋತೀಯ?"

"ನನ್ ಮೇಲೆ ಸಿಟ್ಟಾಗ್ಬೇಡಿ. ಶವಸಂಸ್ಕಾರದವರು ಹೌದು ಅನ್ನದೆ ಯಾರ ಸಾವನ್ನೂ ನಾವು ಹಾಕಲ್ಲ. ಹಿಂದೆ ಯಾರೋ ಬದುಕಿರೋರ ಹೆಸರನ್ನೇ ಹಾಕ್ಸಿಬಿಟ್ಟಿದ್ರು."

"ಸೋಮವಾರ ಅವನನ್ನ ಉಗ್ರ ಅಂದ್ರಲ್ಲ, ಆಗ ಯಾರಿಗೆ ಫೋನ್ ಮಾಡಿ ಕೇಳಿದ್ರಿ?"

ಸುಹೈಲಾ ಫೋನು ಕೆಳಗಿಟ್ಟಳು.

ಸೋಮವಾರದ ಮುಖಪುಟ ಇನ್ನೂ ಗಲ್ಲಾದ ಪಕ್ಕದಲ್ಲಿತ್ತು. 'ಉಗ್ರರ ಅಡಗುದಾಣ ನೆಲಸಮ.' ಸೈನ್ಯದ ವಕ್ತಾರ ಬಾಯಿಬಿಟ್ಟಷ್ಟೇ ಸುದ್ದಿ. ಆ ಅಡಗುದಾಣದಲ್ಲಿ ಅವಳ ಅಣ್ಣ ನಜೀಬ್ ಊರಿನ ಮುದುಕಿಯರಿಗೆ ಇನ್ಸುಲಿನ್ ಕೊಡುತ್ತಿದ್ದ. ಅವತ್ತು ಬೆಳಿಗ್ಗೆ ಕಾಫಿಗೆ ಬಂದ ಹಳೆಯ ಗಿರಾಕಿ ಅರ್ಲ್, ಏನೂ ತಿಳಿಯದೆ, ಆ ತಲೆಬರಹದ ಮೇಲೆ ಬೆರಳು ಬಡಿದು, "ನೋಡಮ್ಮ, ನಿಮ್ಮೂರ ಕಡೆ ಹುಳಗಳನ್ನ ಹೊಸಕಿ ಹಾಕಿದ್ರು. ಒಳ್ಳೇದಾಯ್ತು ಬಿಡು," ಎಂದಿದ್ದ. ಅವಳು ಅವನ ಲೋಟಕ್ಕೆ ಇನ್ನಷ್ಟು ಕಾಫಿ ಸುರಿದಿದ್ದಳು. ಆ ಕಟ್ಟಡ ನಜೀಬನದೆಂದು ಅತ್ತಿಗೆಯ ಫೋನು ಬಂದದ್ದು ಆಮೇಲೆ.

ಹಿಂದಿನ ವಾರ ಯೂರೋಪಿನ ರೈಲು ನಿಲ್ದಾಣವೊಂದರಲ್ಲಿ ಬಾಂಬಿಗೆ ಸತ್ತವರಿಗೆ ಇದೇ ಪತ್ರಿಕೆ ಇಡೀ ಪುಟ ಬಿಟ್ಟುಕೊಟ್ಟಿತ್ತು. ಒಬ್ಬೊಬ್ಬರ ನಗುಮುಖ, ಇಷ್ಟದ ಹಾಡು, ಒಬ್ಬಾಕೆಯ ನಾಯಿಯ ಹೆಸರು ಕೂಡ. ಸುಹೈಲಾ ಅದನ್ನು ಓದಿ ಅತ್ತಿದ್ದಳು. ಈಗ ಆ ಕಣ್ಣೀರನ್ನು ವಾಪಸ್ ಕೇಳಬೇಕೆನಿಸಿತು. ಹಾಗೆನಿಸಿದ್ದಕ್ಕೆ ತನ್ನ ಮೇಲೇ ಹೇಸಿಗೆಯಾಯಿತು. ಈ ತಾರತಮ್ಯ ಯಾಕೆಂದು ಪತ್ರಿಕೆಯ ಸಂಪಾದಕನನ್ನು ಕೇಳಿದರೆ, "ಎರಡೂ ಕಡೆಯವರು ನಮ್ಮನ್ನ ಬೈತಾರೆ ಮೇಡಂ. ಅಂದ್ರೆ ನಾವು ಸರಿಯಾಗಿದೀವಿ ಅಂತ," ಎಂದು ನಕ್ಕಿದ್ದ.

ಏಪ್ರನ್ ಬಿಚ್ಚದೆಯೇ ಅವಳು ಸ್ಟಾನ್ ವಿಶ್ನೆವ್ಸ್ಕಿಯ ಶವಸಂಸ್ಕಾರ ಮನೆಗೆ ನಡೆದಳು. ಅವಳ ಗಂಡನನ್ನು ಮೆಕ್ಕಾದ ಕಡೆ ಮುಖ ಮಾಡಿ ಮಣ್ಣಿಗಿಟ್ಟವನು ಈ ಪೋಲಿಷ್ ಮುದುಕನೇ.

ಎಲ್ಲ ಕೇಳಿಸಿಕೊಂಡು ಅವನು ಕನ್ನಡಕ ತೆಗೆದ. "ಇಲ್ಲದ ಹೆಣ ಇದೆ ಅಂದ್ರೆ ನನ್ ಲೈಸೆನ್ಸ್ ಹೋಗುತ್ತೆ ತಾಯಿ."

"ಹಾಗಾದ್ರೆ ಬೇಡ ಬಿಡು. ಅವನು ಉಗ್ರನಾಗೇ ಉಳೀಲಿ."

ಅವಳು ಬಾಗಿಲವರೆಗೆ ಹೋಗಿದ್ದಳು. ಹಿಂದಿನಿಂದ ಫೋನಿನ ಗುಂಡಿ ಒತ್ತುವ ಸದ್ದು.

"ಡೋರೀನ್, ನಾನು ಸ್ಟಾನ್. ನಜೀಬ್ ಬೈದೂನ್... ಹೌದು. ನನ್ನ ಹತ್ರನೇ ಇದಾನೆ."

ಸುಳ್ಳೆಂದು ಡೋರೀನ್‌ಗೆ ಗೊತ್ತು, ಗೊತ್ತೆಂದು ಇವನಿಗೂ ಗೊತ್ತು. ಆದರೂ ಕೇಳಿದಳು: "ಅಂತಿಮ ದರ್ಶನ ಯಾವಾಗ ಅಂತ ಹಾಕ್ಲಿ?"

ಸ್ಟಾನ್ ಸುಹೈಲಾಳ ಮುಖ ನೋಡಿದ. "ಗುರುವಾರ ಸಂಜೆ."

"ಏನನ್ನ ತೋರಿಸ್ತೀಯೋ?" ಎಂದಳು ಸುಹೈಲಾ, ಅವನು ಫೋನು ಇಟ್ಟ ಮೇಲೆ.

"ಖಾಲಿ ಜಾಗ ಇದೆಯಲ್ಲ."

ಬುಧವಾರ ಅದು ಅಚ್ಚಾಯಿತು. ನಿವೃತ್ತ ಬಸ್ ಚಾಲಕನೊಬ್ಬನ ನಿಧನವಾರ್ತೆಯ ಕೆಳಗೆ. 'ನಜೀಬ್ ಬೈದೂನ್, ಔಷಧಿ ಅಂಗಡಿಯವನು. ಇನ್ಸುಲಿನ್ ಎಣಿಸುತ್ತಿದ್ದಾಗ ವಿಮಾನದ ಬಾಂಬಿಗೆ ಬಲಿ.' ಸುಹೈಲಾ ಬರೆದುಕೊಟ್ಟದ್ದರಲ್ಲಿ ಡೋರೀನ್ ಒಂದಕ್ಷರವನ್ನೂ ಮುಟ್ಟಿರಲಿಲ್ಲ.

ಗುರುವಾರ ಸ್ಟಾನ್ ದೊಡ್ಡ ಕೋಣೆಯ ದೀಪ ಹಚ್ಚಿದ. ಶವಪೆಟ್ಟಿಗೆಯ ಗಾಡಿಯನ್ನು ಹಿಂದಿನ ಕೋಣೆಗೆ ತಳ್ಳಿಟ್ಟಿದ್ದ. ವರ್ಷಗಟ್ಟಲೆ ಅದರ ಚಕ್ರಗಳು ಕೂತಲ್ಲಿ ಕಾರ್ಪೆಟ್ಟಿನಲ್ಲಿ ನಾಲ್ಕು ಗುಳಿ ಬಿದ್ದಿದ್ದವು. ಸುಹೈಲಾ ಅವುಗಳ ತಲೆಭಾಗದಲ್ಲಿ ನಿಂತಳು. ಮಸೀದಿಯವರು ಬಂದರು. ರೊಟ್ಟಿಯ ಗಿರಾಕಿಗಳು ಬಂದರು. ಡೋರೀನ್ ಸಾವಿನ ಮನೆಯ ಊಟಕ್ಕೆಂದು ಅನ್ನದ ಪಾತ್ರೆ ಹಿಡಿದು ಬಂದಳು. ಖಾಲಿ ನೆಲ ನೋಡಿ ಕೆಲವರು ತಬ್ಬಿಬ್ಬಾದರು. ಕೇಳಿದವರಿಗೆಲ್ಲ ಸುಹೈಲಾ ಹೇಳಿದಳು: ಯಾವ ಬೀದಿ, ಯಾವ ಅಂಗಡಿ, ಯಾರು ಅವನು.

ಎಲ್ಲರ ಹಿಂದೆ ಅರ್ಲ್ ಬಂದ, ಟೋಪಿ ಕೈಯಲ್ಲಿ. ಅವಳ ಕೈ ಹಿಡಿಯಲು ನೇರ ಮುಂದೆ ಕಾಲಿಟ್ಟವನು ಕೆಳಗೆ ನೋಡಿ, ಬೂಟನ್ನು ಮೆಲ್ಲಗೆ ಹಿಂದಕ್ಕೆಳೆದುಕೊಂಡು, ಆ ನಾಲ್ಕು ಗುಳಿಗಳನ್ನು ಸುತ್ತಿ ನಡೆದು ಬಂದ.