ಟವೆಲ್ ಕೆಳಗಿನ ಮನಿ

ಅಕ್ಕಂದಿರೆ, ಅಣ್ಣಂದಿರೆ, ಬಾಡಿಗೆ ಮನೆಯಲ್ಲಿ ಇರುವವರಿಗೆ ಈ ಕಥೆ ಬೇಗ ತಿಳಿಯುತ್ತದೆ. ಸ್ವಂತ ಮನೆ ಇದ್ದವರೂ ಎದ್ದು ಹೋಗಬೇಡಿ. ನಾಳೆ ನೀವು ಅದನ್ನು ಮಾರಬಹುದು.

ರಾಯಚೂರಿನ ಒಂದು ಓಣಿಯಲ್ಲಿ ನಾಗವೇಣಿ ಅಂತ ಒಬ್ಬ ಟೀಚರ್ ಇದ್ದಾಳೆ. ದಿನಾ ಬಸ್ಸು ಹತ್ತಿ ಗಬ್ಬೂರಿನ ಶಾಲೆಗೆ ಹೋಗಿ ಬರುತ್ತಾಳೆ. ಅದೇ ಜಿಲ್ಲೆಯ ಜಾಲಹಳ್ಳಿಯಲ್ಲಿದ್ದ ತಂದೆ ಹಂಪಯ್ಯನನ್ನೂ ತಾಯಿ ಶೇಖಮ್ಮನನ್ನೂ ತನ್ನ ಬಾಡಿಗೆ ಮನೆಗೆ ಕರೆದುಕೊಂಡು ಬಂದಿದ್ದಳು. ಮನೆಯೇನೋ ಪರವಾಗಿಲ್ಲ. ಆದರೆ ಕಕ್ಕಸು ಮಾಳಿಗೆಯ ಮೇಲೆ, ಅದಕ್ಕೆ ಹೋಗುವ ಮೆಟ್ಟಿಲು ಕಡಿದು. ಶೇಖಮ್ಮನ ಮೊಣಕಾಲು ನೋವಿನವು. ಅದಕ್ಕೆ ಆ ತಾಯಿ ತನ್ನದೇ ಒಂದು ಉಪಾಯ ಮಾಡಿಕೊಂಡಿದ್ದಳು. ಸಂಜೆ ಆದ ಮೇಲೆ ನೀರು ಕುಡಿಯುವುದನ್ನೇ ಬಿಟ್ಟಿದ್ದಳು.

ರಾಯಚೂರಿನ ಬೇಸಿಗೆ ಎಂಥದ್ದು ಅಂತ ನಿಮಗೆ ನಾನು ಹೇಳಬೇಕೇ?

"ಯವ್ವಾ, ತುಟಿ ಒಣಗ್ಯಾವ. ಒಂದು ಗುಟುಕರ ಕುಡಿ," ಅಂತ ನಾಗವೇಣಿ ತಂಬಿಗೆ ಹಿಡಿದು ನಿಲ್ಲುತ್ತಿದ್ದಳು.

"ಬ್ಯಾಡವ್ವಾ. ಕುಡದ್ರ ಮ್ಯಾಲ ಹತ್ತಬೇಕಾಗ್ತದ," ಅನ್ನುತ್ತಿದ್ದಳು ಶೇಖಮ್ಮ.

ಆ ಮಾತು ಕೇಳಿ ಕೇಳಿಯೇ ನಾಗವೇಣಿ ಸ್ವಂತ ಮನೆ ಕೊಳ್ಳುವ ಮನಸ್ಸು ಮಾಡಿದ್ದು.

ಮನೆ ತೋರಿಸಿದವನು ಆದೆಪ್ಪ. ಮನೆ, ಪ್ಲಾಟು ಮಾರಿಸಿ ಕೊಡುವ ಏಜೆಂಟು. ಮನೆ ಚೆನ್ನಾಗಿತ್ತು, ಎಲ್ಲಾ ಕೆಳಗೇ ಇತ್ತು. ಒಂದೇ ಕೊರತೆ, ಕಕ್ಕಸು ಹಿತ್ತಲಿನ ಆ ತುದಿಗೆ. ನಾಗವೇಣಿ ಮೂರು ಲಕ್ಷ ಬೇರೆ ಎತ್ತಿಟ್ಟಿದ್ದಳು. ಆ ದುಡ್ಡಿನಲ್ಲಿ ತಾಯಿಯ ಕೋಣೆಗೆ ಹೊಂದಿಕೊಂಡು ಒಂದು ಕಕ್ಕಸು ಕಟ್ಟಿಸಬೇಕು, ಕೂರುವ ಸೀಟು, ಹಿಡಿದು ಏಳಲು ಗೋಡೆಗೆ ಒಂದು ಹಿಡಿಕೆ, ಸೋರುವ ಮಾಳಿಗೆಗೆ ರಿಪೇರಿ. ಉಳಿದದ್ದಕ್ಕೆ ಉಳಿತಾಯ ಮತ್ತು ಬ್ಯಾಂಕಿನ ಸಾಲ.

"ಮೂವತ್ತೈದು ಲಕ್ಷಕ್ಕ ಮುಗೀತದ, ಟೀಚರ್," ಅಂದ ಆದೆಪ್ಪ. "ನಿಮ್ಮ ಕಡಿಂದ ನನಗ ಒಂದು ರೂಪಾಯಿ ದಲಾಲಿ ಬ್ಯಾಡ. ನಂದು ಮಾರೋ ಪಾರ್ಟಿ ಕಡಿಂದ ಬರ್ತದ. ಆದ್ರ ಒಂದು ಮಾತು. ಖರೀದಿ ಪತ್ರದಾಗ ಮೂವತ್ತೆರಡ ಬರಸೋದು. ಮೂರು ಲಕ್ಷ ಕೈಯಾಗ ಕೊಡ್ರಿ. ಮನಿ ಮಾಲಕಿ ಬಾಯಾರು ಹಂಗ ಕೇಳಾಕತ್ತಾರ."

ನಾಗವೇಣಿ ಬೆಚ್ಚಿದಳು. ಬ್ಯಾಂಕು ಸಾಲ ಕೊಡುವುದು ಪತ್ರದಲ್ಲಿರುವ ದುಡ್ಡಿಗೆ. ಕೈಯಲ್ಲಿ ಕೊಡಬೇಕಾದರೆ ಕಕ್ಕಸಿನ ಮೂರು ಲಕ್ಷವೇ ಹೋಗಬೇಕು.

"ಬಾಯಾರ ಜೋಡಿ ನಾ ಒಮ್ಮಿ ಮಾತಾಡ್ಲೇನ್ರಿ?"

"ಅವರು ಭಾಳ ಮಡಿ ಮಂದಿ, ಟೀಚರ್. ನಿಮ್ಮಂಥವ್ರು ನೇರ ಹೋದ್ರ ಬಾಗಿಲಾ ತಗೀತಾರೋ ಇಲ್ಲೋ. ಅವರಿಗೂ ಮುಜುಗರ, ನಿಮಗೂ ಮುಜುಗರ. ನಾ ಅದೀನಲ್ಲ?"

ನಿಮ್ಮಂಥವರು. ಆ ಒಂದು ಮಾತಿಗೆ ನಾಗವೇಣಿ ಸುಮ್ಮನಾದಳು. ಇಂಥ ಮಾತು ಬಂದಾಗ ನಮ್ಮ ಜನ ವಾದ ಮಾಡುವುದಿಲ್ಲ, ಹಿಂದೆ ಸರಿಯುತ್ತಾರೆ. ಎಷ್ಟೋ ತಲೆಮಾರಿನಿಂದ ಅದೇ ರೂಢಿ. ಆದೆಪ್ಪನಿಗೆ ಅದು ಗೊತ್ತಿತ್ತು. ನನಗೆ ಸಿಟ್ಟು ಬರುವುದು ದುಡ್ಡಿಗಲ್ಲ, ಇದಕ್ಕೆ.

ಹಂಪಯ್ಯನಿಗೆ ಮಾತ್ರ ಖುಷಿ.

"ದಲಾಲಿ ಪುಕ್ಕಟ ಆತಲ್ಲವ್ವಾ! ಇನ್ನೇನು ಬೇಕು? ಕಕ್ಕಸು ಮುಂದಿನ ವರ್ಷ ಕಟ್ಟಿಸಿದ್ರಾತು."

ಶೇಖಮ್ಮ ಅಕ್ಕಿ ಆರಿಸುತ್ತಾ ಕೂತಿದ್ದಳು. ತಲೆ ಎತ್ತಲಿಲ್ಲ. "ಹೂಂ, ಆತು. ಇಷ್ಟು ದಿನ ತಡದೀನಿ," ಅಂದಳು.

ಅವತ್ತು ಸಂಜೆ ಪಕ್ಕದ ಮನೆಯ ಭಾವನಾ ಮೊಸರಿನ ಹೆಪ್ಪಿಗೆ ಬಂದಳು. ಅವಳು ವಕೀಲರ ಆಫೀಸಿನಲ್ಲಿ ಖರೀದಿ ಪತ್ರ ತಯಾರು ಮಾಡುವ ಕೆಲಸದವಳು. ವಿಷಯ ಕೇಳಿ ಹೆಪ್ಪಿನ ಬಟ್ಟಲು ಹಿಡಿದುಕೊಂಡೇ ಕೂತುಬಿಟ್ಟಳು.

"ಕಾಕಾ, ದಲಾಲಿ ಪುಕ್ಕಟ ಅಂದ್ರಿ. ಖರೀದಿ ದಿನ ನೀವೇನು ತಗೊಂಡು ಹೋಗ್ತೀರಿ?"

"ರೊಕ್ಕ."

"ಬಾಯಾರು ಏನು ತರ್ತಾರ?"

"ಮನಿ ಕೀಲಿಕೈ."

"ಆದೆಪ್ಪ?"

"ಅಂವೇನು ತರ್ತಾನವ್ವಾ, ಸಹಿ ಮಾಡ್ಲಿಕ್ಕೆ ಪೆನ್ನು ತರ್ತಾನ," ಅಂತ ಹಂಪಯ್ಯ ನಕ್ಕ.

"ಹಂಗಾರ ರೊಕ್ಕ ತರೋರು ನೀವೊಬ್ಬರ. ಅವನ ದಲಾಲಿ ಯಾರ ರೊಕ್ಕದಾಗಿಂದ ಬರ್ತದ?"

"ಬಾಯಾರು ತಮ್ಮ ಪಾಲಿನಾಗ ಕೊಡ್ತಾರ."

"ಅವರ ಪಾಲಿಗೆ ಬಂದದ್ದೂ ನೀವು ಕೊಟ್ಟ ರೊಕ್ಕಾನ ಅಲ್ರೀ? ಮಾರೋರು ದಲಾಲಿ ಕೊಡಬೇಕಂದ್ರ ರೇಟಿಗೆ ಕೂಡಿಸಿ ಹೇಳ್ತಾರ, ಅದು ನಿಮ್ಮ ಮ್ಯಾಲ ಬಿತ್ತು. ಗಿರಾಕಿ ಅಷ್ಟು ಕೊಡ್ಲಿಲ್ಲಂದ್ರ ಅವರ ಕೈಗೆ ಕಡಿಮಿ ಬರ್ತದ, ಅದು ಅವರ ಮ್ಯಾಲ ಬಿತ್ತು. ಹ್ಯಾಂಗ ಮಾಡಿದ್ರೂ ಆ ಭಾರ ನೀವಿಬ್ಬರ ಹೊರಬೇಕು. ಪುಕ್ಕಟ ಅನ್ನೋದು ಬರೇ ಬಾಯಿ ಮಾತು."

ಹಂಪಯ್ಯ ಒಪ್ಪಲಿಲ್ಲ. "ನೀವು ಓದಿದವ್ರು, ಏನರ ಒಂದು ಲೆಕ್ಕ ಹೇಳ್ತೀರಿ," ಅಂತ ಆ ಕಡೆ ಮುಖ ಮಾಡಿದ.

ಭಾವನಾ ಬಿಡಲಿಲ್ಲ. "ಇರ್ಲಿ ಕಾಕಾ. ದನದ ಸಂತಿಯೊಳಗ ಟವೆಲ್ ಕೆಳಗ ಕೈ ಹಿಡದು ವ್ಯಾಪಾರ ಮಾಡ್ತಾರಂತಲ್ಲ, ಅದು ಹ್ಯಾಂಗ್ರಿ? ನಾ ನೋಡೇ ಇಲ್ಲ."

ಹಂಪಯ್ಯ ಈ ಕಡೆ ತಿರುಗಿದ. ಎತ್ತಿನ ಮಾತು ಬಂದರೆ ಅವನಿಗೆ ಊಟವೂ ಬೇಡ. ಹೆಗಲ ಮೇಲಿನ ಟವೆಲ್ ತೆಗೆದು ತನ್ನ ಕೈಯ ಮೇಲೆ ಹಾಕಿಕೊಂಡ.

"ನೋಡವ್ವಾ. ದಲಾಲ ಮೊದಲು ಮಾರಾವನ ಕೈ ಹಿಡೀತಾನ, ಹಿಂಗ ಟವೆಲ್ ಕೆಳಗ. ಬೆರಳು ಒತ್ತಿ ರೇಟು ತಿಳ್ಕೊಂತಾನ. ಆಮ್ಯಾಲ ಕೊಳ್ಳಾವನ ಕಡಿ ಬಂದು ಅವನ ಬೆರಳು ಒತ್ತತಾನ. ಬಾಯಿಲೆ ಯಾರೂ ಹೇಳಂಗಿಲ್ಲ. ನಿಂತ ಮಂದಿಗೆ ಏನೂ ತಿಳಿಯಂಗಿಲ್ಲ."

"ಮಾರಾವ ಎಷ್ಟು ಹೇಳಿದ ಅಂತ ಕೊಳ್ಳಾವಗ ಗೊತ್ತಾಗ್ತದೇನ್ರಿ?"

"ಹ್ಯಾಂಗ ಗೊತ್ತಾಗಬೇಕು? ಎರಡೂ ಗೊತ್ತಿರೋದು ದಲಾಲಗ ಒಬ್ಬಗ. ನಡುವ ಉಳದದ್ದು..."

ಹಂಪಯ್ಯ ಅಲ್ಲಿಗೇ ನಿಂತ. ಕೈಯ ಮೇಲಿನ ಟವೆಲ್ ನೋಡಿದ, ಮಗಳ ಮುಖ ನೋಡಿದ.

"ಲೇ ನಾಗವೇಣಿ, ಈ ಮಗ ಆದೆಪ್ಪ ಮನಿ ಮ್ಯಾಲೂ ಟವೆಲ್ ಹಾಕ್ಯಾನೇನು?"

ಮುಂದಿನ ಭಾನುವಾರ ಅಪ್ಪ ಮಗಳು ಮಾನ್ವಿ ಬಸ್ಸು ಹತ್ತಿದರು. ಮನೆ ಮಾಲಕಿ ಸತ್ಯಭಾಮಾಬಾಯಿ ಮೊದಲು ರಾಯಚೂರಿನಲ್ಲಿ ಟೀಚರ್ ಆಗಿದ್ದವರು, ಈಗ ಮಾನ್ವಿಯಲ್ಲಿ ಮಗನ ಜೊತೆ ಇದ್ದಾರೆ ಅಂತ ಆ ಮನೆಯ ಓಣಿಯವರೇ ಹೇಳಿದ್ದರು. ವಿಳಾಸವನ್ನೂ ಕೊಟ್ಟಿದ್ದರು.

ಮನೆ ಸಿಕ್ಕಿತು. ಹಂಪಯ್ಯ ಚಪ್ಪಲಿ ಬೀದಿಯಲ್ಲೇ ಬಿಟ್ಟು, ಹೊರಗಿನ ಕಟ್ಟೆಯ ತುದಿಗೆ ಕೂತ. "ನೀ ಹೋಗಿ ಮಾತಾಡವ್ವಾ, ನಾ ಇಲ್ಲೇ ಇರ್ತೀನಿ." ನಾಗವೇಣಿಗೂ ಬಾಗಿಲು ಬಡಿಯಲು ಕೈ ಬರಲಿಲ್ಲ. ಇಪ್ಪತ್ತು ಮಕ್ಕಳ ಮುಂದೆ ಗಟ್ಟಿಯಾಗಿ ಪಾಠ ಹೇಳುವ ಹುಡುಗಿ, ಇನ್ನೊಬ್ಬರ ಹೊಸ್ತಿಲ ಮುಂದೆ ಬೆವರಿದಳು.

ಬಾಗಿಲು ಒಳಗಿನಿಂದಲೇ ತೆರೆಯಿತು. ಸತ್ಯಭಾಮಾಬಾಯಿ ತಲೆ ಹೊರಗೆ ಹಾಕಿದರು. "ಯಾರವ್ವಾ?"

"ನಾ ನಾಗವೇಣಿ ಅಂತ್ರೀ, ಬಾಯಾರ. ನಿಮ್ಮ ರಾಯಚೂರು ಮನಿ ತಗೊಳ್ಳಾಕತ್ತಿದ್ದವ್ರು ನಾವ. ಇವರು ನಮ್ಮಪ್ಪ."

"ಅಯ್ಯ, ಹೌದೇನು? ಹೊರಗ ಯಾಕ ಕೂತ್ರಿ? ಬರ್ರಿ ಒಳಗ."

"ಇರ್ಲಿ ಬಿಡ್ರಿ, ಬಾಯಾರ. ಇಲ್ಲೇ ತಂಪ ಅದ," ಅಂದ ಹಂಪಯ್ಯ.

"ಮಾನ್ವಿಯೊಳಗ, ಈ ಬಿಸಿಲಿನಾಗ, ಕಟ್ಟಿ ಮ್ಯಾಲೆ ತಂಪು? ಯಾರಿಗೆ ಹೇಳ್ಲಿಕ್ಕತ್ತೀರಿ? ಏಳ್ರಿ, ಫ್ಯಾನು ಒಳಗ ಅದ."

ಒಳಗೆ ಕೂರಿಸಿ ನೀರು ಕೊಟ್ಟರು. ಮನೆಯವರು ಕುಡಿಯುವ ಅದೇ ಲೋಟದಲ್ಲಿ.

"ನನಗೂ ನಿಮ್ಮನ್ನ ನೋಡಬೇಕಂತ ಇತ್ತು," ಅಂದರು. "ಆದೆಪ್ಪ ಬ್ಯಾಡ ಅಂದ. ಕೊಳ್ಳೋರು ಭಾಳ ಖಡಕ್ ಮಂದಿ, ಸಣ್ಣ ಮಾತಿಗೆ ಜಗಳಕ್ಕ ನಿಲ್ತಾರ, ನೀವು ದೂರ ಇರ್ರಿ ಅಂತ."

ನಾಗವೇಣಿಗೆ ನಗು ಬಂತು, ಜೊತೆಗೆ ಕಣ್ಣಲ್ಲಿ ನೀರೂ ಬಂತು. "ನಮಗ, ಬಾಯಾರು ನಿಮ್ಮಂಥವ್ರಿಗೆ ಬಾಗಿಲಾ ತಗಿಯಂಗಿಲ್ಲ ಅಂದಿದ್ದನ್ರೀ."

ಸತ್ಯಭಾಮಾಬಾಯಿ ಕೈಯಲ್ಲಿದ್ದ ತಂಬಿಗೆ ಕೆಳಗಿಟ್ಟರು. "ಹಂಗ ಮಾಡೋ ಮಂದಿ ನಮ್ಮೊಳಗ ಇಲ್ಲ ಅಂತ ನಾ ಹೇಳಂಗಿಲ್ಲವ್ವಾ," ಅಂದರು. "ಇದ್ದಾರ. ಅದಕ್ಕ ಅವನ ಮಾತು ನಡೀತು."

ಈಗ ರೇಟು ಕೇಳಬೇಕು. ಆದರೆ ಯಾರು ಮೊದಲು? ಮನೆಗೆ ಬಂದು ಎಷ್ಟಕ್ಕೆ ಮಾರುತ್ತೀರಿ ಅಂತ ಮುಖಕ್ಕೇ ಕೇಳುವುದು ಮರ್ಯಾದೆಯಲ್ಲ ಅಂತ ನಾಗವೇಣಿ. ಬಂದವರ ಮುಂದೆ ದುಡ್ಡಿನ ಮಾತು ಎತ್ತುವುದು ಸರಿಯಲ್ಲ ಅಂತ ಬಾಯಿಯವರು. ಈ ಮರ್ಯಾದೆಯಿಂದಲೇ ನಾವು ಎಷ್ಟು ಸಲ ಹಾಳಾಗಿದ್ದೇವೆ, ನೋಡಿ.

ಹಂಪಯ್ಯ ಹೆಗಲ ಮೇಲಿನ ಟವೆಲ್ ತೆಗೆದ. ಕೊಡವಿ, ಮಡಚಿ ಟೀಪಾಯಿಯ ಮೇಲೆ ಹಾಸಿದ.

"ಬಾಯಾರ, ಸಂತ್ಯಾಗ ಇದರ ಕೆಳಗ ಕೈ ಇಟ್ಟು ರೇಟು ಹೇಳ್ತಾರ. ನಾವು ಇದರ ಮ್ಯಾಲ ಇಟ್ಟು ಹೇಳೂಣು. ಎಲ್ಲಾರಿಗೂ ಕಾಣ್ಲಿ."

ಬಾಯಿಯವರು ನಕ್ಕರು. ಬಳೆ ಹಿಂದೆ ಸರಿಸಿ ಟವೆಲ್ ಮೇಲೆ ಕೈ ಇಟ್ಟರು. ಮೊದಲು ಮೂರು ಬೆರಳು, ಆಮೇಲೆ ಎರಡು. ಮೂವತ್ತೆರಡು.

ಪಕ್ಕದಲ್ಲಿ ನಾಗವೇಣಿ ಕೈ ಇಟ್ಟಳು. ಮೊದಲು ಮೂರು, ಆಮೇಲೆ ಐದೂ ಬೆರಳು. ಮೂವತ್ತೈದು.

ಎರಡು ಬೆರಳಿನ ಪಕ್ಕದಲ್ಲಿ ಐದು ಬೆರಳು. ಮೂವರೂ ನೋಡುತ್ತಾ ಕೂತರು.

"ದಲಾಲಿ ನನಗೂ ಇಲ್ಲ ಅಂದಿದ್ದನವ್ವಾ," ಅಂದರು ಬಾಯಿಯವರು. "ನಿಮಗ ಕೈಗೆ ಎಷ್ಟು ಬೇಕು ಹೇಳ್ರಿ, ಮ್ಯಾಲಿಂದು ನಂದು ಅಂದ. ನಾ ಮೂವತ್ನಾಲ್ಕು ಬರಬಹುದಂತಿದ್ದೆ. ಬಜಾರು ಬಿದ್ದದ, ಅಷ್ಟು ಯಾರೂ ಕೊಡಂಗಿಲ್ಲ ಅಂತ ಇಳಿಸಿದ."

"ಪತ್ರದ ಹೊರಗ ಮೂರು ಲಕ್ಷ ನೀವ ಕೇಳೀರಿ ಅಂದಿದ್ದನ್ರೀ."

"ನಾನ? ಚೆಕ್ ಬಿಟ್ಟು ಏನೂ ತಗೊಳ್ಳಂಗಿಲ್ಲ ಅಂತ ಮೊದಲ ದಿನಾನೇ ಹೇಳೀನಿ! ನನ್ನ ಹೆಸರು ಹೇಳಿ ಕೇಳಿದ್ನೇ?" ಅವರು ಆಗಲೇ ಫೋನು ಎತ್ತಿಕೊಂಡಿದ್ದರು.

ಆದೆಪ್ಪ ಹತ್ತಿರದ ಸಿರವಾರದಲ್ಲಿದ್ದ. ಬೈಕ್ ಹತ್ತಿ ಬಂದ. ಒಳಗೆ ಕಾಲಿಟ್ಟವನು ಇಬ್ಬರನ್ನೂ ಒಂದೇ ಕಡೆ ಕಂಡು ಅಲ್ಲೇ ನಿಂತ. ಟೀಪಾಯಿಯ ಮೇಲಿನ ಟವೆಲ್ ಕಂಡಾಗ ಅವನಿಗೆ ಎಲ್ಲಾ ತಿಳಿಯಿತು.

"ಬಾಯಾರ, ಮ್ಯಾಲಿಂದು ನಂದು ಅಂತ ನಾ ಮೊದಲ ಹೇಳಿದ್ದೆನಲ್ರೀ," ಅಂದ.

"ಹೇಳಿದ್ದಿ. ಮ್ಯಾಲೆ ಎಷ್ಟು ಅಂತ ಹೇಳಿದ್ಯಾ?"

ಅವನು ತಲೆ ತಗ್ಗಿಸಿದ. "ನಾನೂ ಬಿಸಿಲಾಗ ತಿರುಗೀನ್ರೀ. ಕಾಗದ ಹುಡುಕಿ ತಂದೀನಿ, ಬ್ಯಾಂಕಿಗೆ ಓಡಾಡೀನಿ. ನಂಗೂ ಹೊಟ್ಟಿ ಅದ."

ಅದು ಸುಳ್ಳಲ್ಲ. ನಾಗವೇಣಿ ಮೆಲ್ಲಗೆ ಮಾತಾಡಿದಳು. "ಆದೆಪ್ಪಣ್ಣ, ನೀವಿಲ್ಲಂದ್ರ ಈ ಮನಿ ನನಗ ಸಿಗತಿರಲಿಲ್ಲ. ನಿಮ್ಮ ದುಡಿಮಿ ನಾ ಇಟ್ಕೊಳ್ಳಂಗಿಲ್ಲ. ಎಷ್ಟು ಬೇಕು, ಇಬ್ಬರ ಮುಂದ ಹೇಳ್ರಿ. ಇನ್ನೊಂದು. ನಿಮ್ಮಂಥವ್ರು ಅಂದ್ರಲ್ಲ, ಆ ಮಾತು ಇನ್ನ ಯಾರಿಗೂ ಅನಬ್ಯಾಡ್ರಿ."

ಆದೆಪ್ಪ ನೆಲ ನೋಡುತ್ತಾ, "ತಪ್ಪಾತವ್ವಾ," ಅಂದ.

ಚಹಾ ಬಂತು, ಮಾತು ನಡೆಯಿತು. ಮನೆ ಮೂವತ್ಮೂರಕ್ಕೆ, ಅಷ್ಟೂ ಪತ್ರದಲ್ಲೇ. ಬಾಯಿಯವರಿಗೆ ಆದೆಪ್ಪ ಇಳಿಸಿದ್ದಕ್ಕಿಂತ ಹೆಚ್ಚು ಬಂತು, ನಾಗವೇಣಿಗೆ ಕಡಿಮೆ ಬಿತ್ತು, ಕಕ್ಕಸಿನ ಮೂರು ಲಕ್ಷವೂ ಉಳಿಯಿತು. ಆದೆಪ್ಪನಿಗೆ ಇಬ್ಬರೂ ನೂರಕ್ಕೆ ಒಂದರಂತೆ, ಬ್ಯಾಂಕಿನ ಮೂಲಕ, ರಸೀದಿ ಪಡೆದು ಕೊಡುವುದು ಅಂತ ಒಪ್ಪಂದದಲ್ಲಿ ಬರೆಸಿದರು. ಮೂರು ಲಕ್ಷದ ಆಸೆಯಲ್ಲಿದ್ದವನಿಗೆ ಅದು ಕಡಿಮೆಯೇ. ಆದರೆ ಮುಚ್ಚಿಡುವಂಥದ್ದು ಏನೂ ಇರಲಿಲ್ಲ. ಬೈಕ್ ಹತ್ತುವಾಗ ಅವನೇ ಹಂಪಯ್ಯನನ್ನು ಬಸ್ ಸ್ಟ್ಯಾಂಡಿಗೆ ಬಿಡುತ್ತೇನೆ ಅಂದ.

ಈಗ ಅವರು ಆ ಮನೆಯಲ್ಲಿದ್ದಾರೆ. ಮೊನ್ನೆ ನೋಡಲು ಹೋಗಿದ್ದೆ. ಶೇಖಮ್ಮನ ಕೋಣೆಗೆ ಹೊಂದಿಕೊಂಡೇ ಕಕ್ಕಸು, ಬಿಳಿ ಸೀಟು, ಗೋಡೆಗೆ ಸ್ಟೀಲಿನ ಹಿಡಿಕೆ. ಶೇಖಮ್ಮನೇ ಒಳಗೆ ಕರೆದುಕೊಂಡು ಹೋಗಿ ತೋರಿಸಿದಳು. ಹಂಪಯ್ಯ ಕಟ್ಟೆಯ ಮೇಲೆ ಕೂತು ಓಣಿಯವರಿಗೆ ಹೇಳುತ್ತಿದ್ದ: "ದಲಾಲಿ ಯಾರು ಕೊಟ್ರಿ ಅಂತ ಕೇಳ್ತೀರೇನು? ನಾವೂ ಕೊಟ್ಟೀವಿ, ಬಾಯಾರೂ ಕೊಟ್ಟಾರ. ಕಣ್ಣು ತೆರದು ಕೊಟ್ಟೀವಿ."

ಹೊತ್ತು ಮುಳುಗಿತು. ಒಳಗೆ ಶೇಖಮ್ಮ ಒಂದು ತಂಬಿಗೆ ನೀರು ತುಂಬಿಕೊಂಡು, ನಿಧಾನವಾಗಿ, ಪೂರ್ತಿ ಕುಡಿದಳು. ನಾಗವೇಣಿ ನೋಡುತ್ತಾ ನಿಂತಿದ್ದಳು. ನಾನೂ ನೋಡಿದೆ.

ಮನೆ ಕೊಳ್ಳುವ ಅಕ್ಕಾ, ಮನೆ ಮಾರುವ ಅಣ್ಣಾ, ನಿಮ್ಮಲ್ಲಿ ನನ್ನದೊಂದು ಕೇಳಿಕೆ. ದಲಾಲಿ ನಿಮ್ಮ ಮೇಲೆ ಇಲ್ಲ ಅಂತ ಯಾರಾದರೂ ಅಂದರೆ ಖುಷಿಪಡುವ ಮುಂಚೆ ಒಂದು ಸಲ ನಿಲ್ಲಿ. ಅದು ಮನೆಯ ಬೆಲೆಯೊಳಗೇ ಕೂತಿರುತ್ತದೆ. ಏಜೆಂಟ್ ಮಾಡಿದ ಕೆಲಸಕ್ಕೆ ಕೂಲಿ ಕೊಡಿ, ಆದರೆ ಎಷ್ಟು ಅಂತ ಮೊದಲೇ ಕೇಳಿ, ಬರೆಸಿ, ರಸೀದಿ ಪಡೆಯಿರಿ. ಪತ್ರದ ಹೊರಗೆ ದುಡ್ಡು ಕೇಳಿದರೆ ಒಪ್ಪಬೇಡಿ. ಎದುರಿನವರನ್ನು ನೀವೇ ಕಾಣಿರಿ, ಅವರು ಯಾವ ಜನ, ಯಾವ ಓಣಿ ಅಂತ ಹೆದರಿ ಹಿಂದೆ ನಿಲ್ಲಬೇಡಿ. ಕೇಳಲು ನಾಚಿಕೆ ಅನ್ನಿಸಿದರೆ ನಿಮ್ಮ ಮನೆಯೊಳಗೆ ಒಮ್ಮೆ ನೋಡಿ. ಅಲ್ಲೂ ಒಬ್ಬರು ನೀರು ಕುಡಿಯದೆ ಕೂತಿರಬಹುದು. ಅವರ ಸಲುವಾಗಿಯಾದರೂ ಆ ಟವೆಲ್ ಎತ್ತಿ ನೋಡಿ.